ಹಾರಲು ಹೆದರಿದ ಪಾರಿವಾಳಕ್ಕೆ ನೂರು ವರ್ಷ

ಮಾನ್ಯ ಸಂಪಾದಕರೇ,

2027ಕ್ಕೆ ಒಂದು ಮಕ್ಕಳ ಕಾದಂಬರಿಗೆ ನೂರು ವರ್ಷ ತುಂಬುತ್ತದೆ. ಬರೆದವರು ಬಂಗಾಳದ ಧನಗೋಪಾಲ ಮುಖರ್ಜಿ. ಪುಸ್ತಕದ ಹೆಸರು ‘ಗೇ-ನೆಕ್’. ಅದರ ನಾಯಕ ಕಲ್ಕತ್ತೆಯ ಒಂದು ಪಾರಿವಾಳ, ಹೆಸರು ಚಿತ್ರಗ್ರೀವ, ಅಂದರೆ ಬಣ್ಣದ ಕತ್ತಿನವ. 1927ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಈ ಸಾಹಸ ಕಥೆಗೆ ಮರುವರ್ಷವೇ ಅಮೆರಿಕದ ನ್ಯೂಬೆರಿ ಪದಕ ಬಂತು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಪದಕ ಪಡೆದ ಮೊದಲಿಗರು ಮುಖರ್ಜಿಯವರೇ. ಇಷ್ಟು ದೊಡ್ಡ ಸಂಗತಿ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲದಂತೆ ಈ ನೂರನೇ ವರ್ಷ ಕಳೆದುಹೋಗಬಾರದು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದೀತು, ದಯವಿಟ್ಟು ಓದಿ.

ನಾನು ಮಾಗಡಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿದೆ, ಊರಿನವರ ಬಾಯಲ್ಲಿ ಮಾತ್ರ ಇನ್ನೂ ಲೈಬ್ರರಿಯೇ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ ಮಕ್ಕಳು ಬರುವುದು ಜಾಸ್ತಿಯಾಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬ್ಯಾಗು ಬಾಗಿಲಲ್ಲೇ ಬಿಸಾಕಿ ಒಳಗೆ ಓಡಿ ಬರುತ್ತಾರೆ. ಅವರಿಗೆ ನಾನು ಕಥೆ ಓದಿ ಹೇಳುತ್ತೇನೆ. ಹಾಗೆ ಹೇಳಿದ ಕಥೆಗಳಲ್ಲಿ ಅವರು ಹಟ ಮಾಡಿ ಮತ್ತೆ ಮತ್ತೆ ಕೇಳಿದ್ದು ಚಿತ್ರಗ್ರೀವನದು. ನಮ್ಮ ಕಪಾಟಿನಲ್ಲಿ ಇದರ ಕನ್ನಡ ಪುಸ್ತಕ ಇಲ್ಲ. ಅಂತರ್ಜಾಲದಲ್ಲಿ ಇಂಗ್ಲಿಷ್ ಪುಸ್ತಕ ಉಚಿತವಾಗಿ ಸಿಗುತ್ತದೆ. ರಾತ್ರಿ ಮನೆಯಲ್ಲಿ ಓದಿಕೊಂಡು, ಶನಿವಾರ ನನ್ನದೇ ಮಾತಲ್ಲಿ ಹೇಳುತ್ತಾ ಬಂದೆ.

ಹೆಸರು ಹೇಳಿದ ಕೂಡಲೇ ಒಬ್ಬ ಹುಡುಗಿ, ‘ಅಕ್ಕ, ಇದರಲ್ಲೂ ಇಲಿ ಬರುತ್ತಾ?’ ಅಂದಳು. ಪಂಚತಂತ್ರದಲ್ಲಿ ಬಲೆ ಸಮೇತ ಹಾರಿಹೋಗುವ ಪಾರಿವಾಳಗಳ ರಾಜನೂ ಚಿತ್ರಗ್ರೀವನೇ ಅಲ್ವಾ? ಇಲಿ ಗೆಳೆಯ ಬಂದು ಬಲೆ ಕಡಿದು ಬಿಡಿಸುವ ಆ ಕಥೆ ಅವಳಿಗೆ ಅಜ್ಜಿ ಹೇಳಿಕೊಟ್ಟದ್ದು. ಸಮುದ್ರದಾಚೆ ಕೂತು, ಇಂಗ್ಲಿಷಿನಲ್ಲಿ ಬರೆಯುವಾಗಲೂ ಮುಖರ್ಜಿಯವರು ತಮ್ಮ ಹಕ್ಕಿಗೆ ಹುಡುಕಿದ್ದು ನಮ್ಮ ಅಜ್ಜಿಯರಿಗೆ ಗೊತ್ತಿರುವ ಹೆಸರನ್ನೇ. ಇದು ನನಗೆ ತುಂಬ ಹಿಡಿಸಿತು.

ಅವರ ಬಗ್ಗೆ ಎರಡು ಮಾತು. ಹುಟ್ಟಿದ್ದು 1890ರಲ್ಲಿ, ಕಲ್ಕತ್ತೆಗೆ ಹತ್ತಿರದ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಅಣ್ಣ ಜಾದುಗೋಪಾಲ ಬ್ರಿಟಿಷರ ವಿರುದ್ಧ ಹೋರಾಡಿದ ಜುಗಾಂತರ ಗುಂಪಿನ ಕ್ರಾಂತಿಕಾರಿ. ಧನಗೋಪಾಲರು ಹರೆಯದಲ್ಲೇ ಜಪಾನಿಗೆ ಹೋಗಿ, ಅಲ್ಲಿಂದ 1910ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಹೊಲಗಳಲ್ಲಿ ಕೂಲಿ ಮಾಡಿಕೊಂಡೇ ಬರ್ಕ್ಲಿಯಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದರು. ಆನೆಯ ಬಗ್ಗೆ, ಕಾಡಿನ ಹುಡುಗನ ಬಗ್ಗೆ, ಬೇಟೆಗಾರನ ಬಗ್ಗೆ ಮಕ್ಕಳಿಗಾಗಿ ಪುಸ್ತಕ ಬರೆದರು. ಚಿತ್ರಗ್ರೀವನಷ್ಟು ದೂರ ಹಾರಿದ ಪುಸ್ತಕ ಮತ್ತೊಂದಿಲ್ಲ.

ಅವರಿಗೆ ಸಿಕ್ಕ ಪದಕದ ಬಗ್ಗೆಯೂ ಹೇಳಬೇಕು. ಅದನ್ನು ಕೊಡುವುದು ಅಮೆರಿಕದ ಗ್ರಂಥಪಾಲಕರ ಸಂಘ. 1922ರಿಂದ ಕೊಡುತ್ತಾ ಬಂದಿದ್ದಾರೆ. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಲ್ಲಿ ಮಕ್ಕಳ ಪುಸ್ತಕ ಅಚ್ಚುಹಾಕಿ ಮಾರುತ್ತಿದ್ದ ಜಾನ್ ನ್ಯೂಬೆರಿಯ ಹೆಸರು ಅದಕ್ಕೆ. ದಿನಾ ಮಕ್ಕಳ ಕೈಗೆ ಪುಸ್ತಕ ಕೊಡುವವರೇ ಆರಿಸುವ ಬಹುಮಾನ ಇದು. ಯಾವ ಪುಸ್ತಕ ಮಗುವಿನ ಕೈಯಲ್ಲಿ ನಿಲ್ಲುತ್ತದೆ, ಯಾವುದು ಎರಡನೇ ಪುಟಕ್ಕೇ ಮುಚ್ಚಿಹೋಗುತ್ತದೆ ಅನ್ನುವುದು ಈ ಕೆಲಸದಲ್ಲಿರುವವರಿಗೆ ಚೆನ್ನಾಗಿ ಗೊತ್ತು. ಗ್ರಂಥಾಲಯದ ಕೆಲಸದವಳಾಗಿ ನನಗೆ ಈ ಪದಕದ ಮೇಲೆ ಗೌರವ ಜಾಸ್ತಿ.

ಇನ್ನು ಕಥೆಗೆ ಬರುತ್ತೇನೆ.

ಕಲ್ಕತ್ತೆಯ ಒಂದು ಮನೆಯ ತಾರಸಿ. ಅಲ್ಲೊಬ್ಬ ಹುಡುಗ, ಅವನ ಪಾರಿವಾಳಗಳು. ಒಂದು ಜೋಡಿಯಲ್ಲಿ ಗಂಡು ಆಕಾಶದಲ್ಲಿ ಲಾಗ ಹಾಕುವ ಜಾತಿ, ಹೆಣ್ಣು ಓಲೆ ಒಯ್ಯುವ ಜಾತಿ. ಎರಡು ಮೊಟ್ಟೆ ಇಟ್ಟಿವೆ. ಹುಡುಗ ಗೂಡು ಗುಡಿಸಿ, ಮೊಟ್ಟೆ ಮತ್ತೆ ಇಡುವ ಹೊತ್ತಿಗೆ ಗಂಡು ಹಕ್ಕಿ ಬಂದು ಅವನ ಮುಖಕ್ಕೇ ಎರಗುತ್ತದೆ. ಒಂದು ಮೊಟ್ಟೆ ಕೆಳಗೆ ಬಿದ್ದು ಒಡೆದುಹೋಗುತ್ತದೆ. ಉಳಿದ ಒಂದರಿಂದ ಹೊರಬಂದವನೇ ಚಿತ್ರಗ್ರೀವ. ನೋಡಿ, ಮೊದಲ ಕೆಲವೇ ಪುಟಗಳಲ್ಲಿ ಒಂದು ಸಾವು ಆಗಿಹೋಯಿತು. ಅದನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ಅಳಿಸುವುದೂ ಇಲ್ಲ.

ಆಮೇಲಿನ ಪುಟಗಳು ನನಗೆ ಎಲ್ಲಕ್ಕಿಂತ ಇಷ್ಟ. ಮರಿಗೆ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಪುಕ್ಕ ಇಲ್ಲ. ಅಪ್ಪ ಅಮ್ಮ ಇಬ್ಬರೂ ಗಂಟಲಿನ ಚೀಲದಿಂದ ಹಾಲಿನಂಥದ್ದನ್ನು ತೆಗೆದು ಉಣಿಸುತ್ತವೆ. ಒಂದು ದಿನ ಬೆಳೆದ ಮರಿ ಗೂಡಿನ ಬಾಯಿಯಲ್ಲಿ ಕೂತಿದೆ. ಕಪ್ಪಗಿನ ಏನೋ ಹರಿದು ಬರುತ್ತಿದೆ. ಕಾಳು ಅಂದುಕೊಂಡು ಕುಟುಕಿಬಿಡುತ್ತದೆ. ಅದು ಇರುವೆ! ಇರುವೆ ಎರಡು ತುಂಡಾಗುತ್ತದೆ. ಕಾಳಿನ ರುಚಿ ಇಲ್ಲವಲ್ಲ ಅಂತ ಮರಿ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತದೆ. ಇಷ್ಟೇ ಪ್ರಸಂಗ. ಆದರೆ ಇದನ್ನು ಹೇಳಿದ ದಿನ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಹದ್ದು, ಹಿಮಾಲಯ, ಯುದ್ಧ ಎಲ್ಲ ಮುಂದೆ ಬರುತ್ತದೆ. ಮುಖರ್ಜಿಯವರು ಸಾಹಸವನ್ನು ಶುರು ಮಾಡುವುದು ಒಂದು ಇರುವೆಯಿಂದ.

ನನ್ನ ಮೈದುನ ಪಾರಿವಾಳ ಸಾಕುತ್ತಾನೆ. ತಾರಸಿಯ ಮೇಲೆ ಜಾಲರಿ ಹೊಡೆದ ಗೂಡು, ಬೆಕ್ಕು ನುಗ್ಗದಂತೆ ಎರಡು ಚಿಲಕ. ಜೋಳ, ಸಜ್ಜೆ, ಹೆಸರುಕಾಳು ಬೆರೆಸಿ ಹಾಕುತ್ತಾನೆ. ಎತ್ತರಕ್ಕೆ ಹಾರುವ ಗಿರಿಬಾಜ್ ಕೆಲವು, ದೂರ ಬಿಟ್ಟರೂ ಗೂಡಿಗೆ ಮರಳುವ ಹೋಮರ್ ಕೆಲವು. ಹೋಮರ್ ಮರಿಗಳನ್ನು ಬುಟ್ಟಿಗೆ ಹಾಕಿ ಬೈಕಿನ ಹಿಂದೆ ಕಟ್ಟಿಕೊಂಡು ಮೊದಲು ಊರಾಚೆ, ಆಮೇಲೆ ಮಾಗಡಿ, ಆಮೇಲೆ ಕುಣಿಗಲ್ ತನಕ ಒಯ್ದು ಬಿಡುತ್ತಾನೆ. ಇವನು ಬೈಕಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವು ಬಂದು ನೀರು ಕುಡಿಯುತ್ತಿರುತ್ತವೆ. ಚಿತ್ರಗ್ರೀವನಿಗೆ ದಿಕ್ಕು ಕಲಿಸುವ ಅಧ್ಯಾಯದಲ್ಲಿ ಕಲ್ಕತ್ತೆಯ ಹುಡುಗನೂ ಹೀಗೇ ಮಾಡುತ್ತಾನೆ. ಪಂಜರದಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ದೂರ ಒಯ್ದು ಬಿಡುತ್ತಾನೆ. ನಾನು ಓದಿ ಹೇಳಿದಾಗ ಮೈದುನ ಬಾಗಿಲಲ್ಲಿ ನಿಂತು ಕೇಳಿದ. ಪುಸ್ತಕ ಅಂದ್ರೆ ದೂರ ಹೋಗುವವನು ಅವನು. ‘ಅತ್ತಿಗೆ, ಬರೆದವನು ಪಾರಿವಾಳ ಸಾಕಿದೋನೇ. ಸುಮ್ನೆ ಕೇಳಿ ಬರೆದದ್ದಲ್ಲ ಇದು’ ಅಂದ. ಅಷ್ಟು ಸಾಕಲ್ವಾ ಪ್ರಮಾಣಪತ್ರ? ಆಮೇಲೆ ಮಕ್ಕಳನ್ನೆಲ್ಲ ತಾರಸಿಗೆ ಕರೆದೊಯ್ದು ಮರಿ ತೋರಿಸಿದ. ಹಗಲೆಲ್ಲ ಗಂಡು ಕಾವು ಕೂರುತ್ತದೆ, ಸಂಜೆಯಿಂದ ಬೆಳಗಿನ ತನಕ ಹೆಣ್ಣು ಅಂತ ವಿವರಿಸಿದ. ಒಂದು ಹಕ್ಕಿಯನ್ನು ಕೈಯಲ್ಲಿ ಹಿಡಿದು, ಕತ್ತಿನ ಬಣ್ಣ ಬಿಸಿಲಿಗೆ ಹಸಿರಾಗಿ, ಸ್ವಲ್ಪ ತಿರುಗಿಸಿದರೆ ನೇರಳೆಯಾಗಿ ಹೊಳೆಯುವುದನ್ನು ತೋರಿಸಿದ. ಅಷ್ಟು ದಿನ ಪಾರಿವಾಳ ಅಂದ್ರೆ ಬೂದು ಬಣ್ಣ ಅಂದುಕೊಂಡಿದ್ದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ಕಲ್ಕತ್ತೆಯ ಆಕಾಶದಲ್ಲಿ ಒಬ್ಬರ ಹಿಂಡು ಇನ್ನೊಬ್ಬರ ಹಿಂಡಿಗೆ ಬೆರೆತು, ಎಲ್ಲ ಹಕ್ಕಿಗಳೂ ಒಂದೇ ಆಗಿ ಸುತ್ತು ಹಾಕುವ ವರ್ಣನೆಯೂ ಪುಸ್ತಕದಲ್ಲಿದೆ. ಆ ಹೊತ್ತಿನಲ್ಲಿ ತನ್ನ ಹಿಂಡನ್ನು ಬೇರೆ ಮಾಡಿ ಮನೆಗೆ ತರುವವನೇ ನಾಯಕ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪಾರಿವಾಳ ಹಾರಿಸುವವರು ಈ ಭಾಗ ಓದಿದರೆ ತಮ್ಮ ತಾರಸಿಯ ಕಥೆ ಅಂತಲೇ ಅಂದುಕೊಳ್ಳುತ್ತಾರೆ. ಇನ್ನೂ ಒಂದು ಮಾತು. ಟೆಲಿಫೋನು ಬಂದು ಎಷ್ಟೋ ಕಾಲವಾದ ಮೇಲೆ, 1946ರಲ್ಲಿ, ಒಡಿಶಾ ಪೊಲೀಸರು ಪಾರಿವಾಳ ಅಂಚೆ ಶುರು ಮಾಡಿದರು. 1948ರಲ್ಲಿ ಪ್ರಧಾನಿ ನೆಹರೂ ಅವರು ಸಂಬಲ್‌ಪುರದಿಂದ ಕಟಕ್‌ಗೆ ಹಕ್ಕಿಯ ಕಾಲಿಗೆ ಚೀಟಿ ಕಟ್ಟಿಸಿ ಸಂದೇಶ ಕಳುಹಿಸಿದ್ದರು. ಇದನ್ನು ಹೇಳಿದಾಗ ನಮ್ಮ ಮಕ್ಕಳು ನಂಬಲೇ ಇಲ್ಲ. ಮೊಬೈಲಿನಲ್ಲಿ ಚಿತ್ರ ತೋರಿಸಿದ ಮೇಲೆ ನಂಬಿದರು.

ಕಥೆ ಹಿಮಾಲಯಕ್ಕೆ ಹೋಗುತ್ತದೆ. ಡೆಂಟಾಮ್ ಅನ್ನುವ ಊರು, ಸಿಂಗಲೀಲಾ ಬೆಟ್ಟಸಾಲು. ಅಲ್ಲಿ ಗೋಂಡ್ ಎಂಬ ಮುದಿ ಬೇಟೆಗಾರ ಜೊತೆಯಾಗುತ್ತಾನೆ. ಕಾಡನ್ನು ಮೂಗಿನಿಂದಲೂ ಕಿವಿಯಿಂದಲೂ ಓದಬಲ್ಲವನು ಅವನು. ಚಿತ್ರಗ್ರೀವನ ತಾಯಿಯನ್ನು ಗಿಡುಗ ಹೊಡೆದು ಒಯ್ಯುತ್ತದೆ. ಹೆದರಿದ ಚಿತ್ರಗ್ರೀವ ತಪ್ಪಿಸಿಕೊಂಡು, ಬೌದ್ಧ ಲಾಮಾಗಳ ಮಠ ಸೇರುತ್ತಾನೆ. ಆ ಅಲೆದಾಟವನ್ನು ಹಕ್ಕಿಯೇ ತನ್ನ ಬಾಯಿಂದ ಹೇಳುತ್ತದೆ. ಈ ಭಾಗ ನಾನು ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ. ಮಕ್ಕಳು ಮಾತ್ರ ಗಿಡುಗ ಬರುವ ಕಡೆಯಲ್ಲೆಲ್ಲ ನಿಲ್ಲಿಸಿ, ‘ಇನ್ನೊಂದ್ಸಲ’ ಅನ್ನುತ್ತಿದ್ದರು.

ಆಮೇಲೆ ಬರುವುದು ಮೊದಲ ಮಹಾಯುದ್ಧ. ಹುಡುಗನಿಗೆ ಯುದ್ಧಕ್ಕೆ ಹೋಗುವ ವಯಸ್ಸಲ್ಲ. ಗೋಂಡ್ ತನ್ನ ಜೊತೆ ಚಿತ್ರಗ್ರೀವನನ್ನೂ, ಹೀರಾ ಎಂಬ ಇನ್ನೊಂದು ಪಾರಿವಾಳವನ್ನೂ ಫ್ರಾನ್ಸಿನ ರಣರಂಗಕ್ಕೆ ಒಯ್ಯುತ್ತಾನೆ. ಇದು ಬರೀ ಕಲ್ಪನೆಯಲ್ಲ. 1914ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಸಿಪಾಯಿಗಳು ಹಡಗಿನಿಂದ ಮಾರ್ಸೆಲ್ಸ್ ಬಂದರಿನಲ್ಲಿ ಇಳಿದಿದ್ದರು. ಆ ಯುದ್ಧದಲ್ಲಿ ಒಟ್ಟು 13 ಲಕ್ಷದಷ್ಟು ಭಾರತೀಯರು ಬ್ರಿಟಿಷರ ಕಡೆಯಿಂದ ದುಡಿದರು. ಯುರೋಪಿನ ಸೈನ್ಯಗಳೆಲ್ಲ ಪಾರಿವಾಳಗಳನ್ನು ಇಟ್ಟುಕೊಂಡಿದ್ದವು. ಶೆಲ್ಲು ಬಿದ್ದು ತಂತಿ ಹರಿದುಹೋದಾಗ ಸುದ್ದಿ ಮುಟ್ಟಿಸಲು ಉಳಿಯುತ್ತಿದ್ದದ್ದು ಈ ಹಕ್ಕಿಗಳೇ. 1918ರ ಅಕ್ಟೋಬರಿನಲ್ಲಿ ಅಮೆರಿಕದ ತುಕಡಿಯೊಂದು ಶತ್ರುಗಳ ನಡುವೆ ಸಿಕ್ಕಿಕೊಂಡಾಗ ‘ಶೇರ್ ಆಮಿ’ ಎಂಬ ಪಾರಿವಾಳ ಗುಂಡು ತಿಂದು, ಒಂದು ಕಾಲು ಕಳೆದುಕೊಂಡೂ ಚೀಟಿ ಮುಟ್ಟಿಸಿತು. ಅದರ ದೇಹವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ.

ನಮ್ಮ ಊರ ಮಕ್ಕಳಿಗೆ ಆ ಯುದ್ಧ ದೂರದ್ದು. ಹಾಗಾಗಿ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹೇಳಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯ ಜೊತೆ, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದವರು ನಮ್ಮ ಮೈಸೂರು ಸಂಸ್ಥಾನದ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ‘ಕುದುರೆಗಳೂ ಹೋಗಿದ್ವಾ?’ ಅಂತ ಒಬ್ಬ ಕೇಳಿದ. ಹೌದು ಅಂದೆ. ‘ವಾಪಸ್ ಬಂದ್ವಾ?’ ಅಂತ ಇನ್ನೊಬ್ಬ. ಮಕ್ಕಳು ಯುದ್ಧದ ಬಗ್ಗೆ ಮೊದಲು ಕೇಳುವುದು ಇದನ್ನೇ. ಗೆದ್ದವರು ಯಾರು ಅಂತಲ್ಲ, ವಾಪಸ್ ಬಂದರಾ ಅಂತ.

ಮುಖರ್ಜಿಯವರು ಆ ಯುದ್ಧಕ್ಕೆ ಹೋದವರಲ್ಲ, ಆಗ ಅಮೆರಿಕದಲ್ಲಿದ್ದರು. ಆದರೂ ಹಕ್ಕಿಯ ಕಣ್ಣಿನಿಂದ ಯುದ್ಧವನ್ನು ತೋರಿಸಿದ ರೀತಿ ಎಂಥದ್ದು! ಚಿತ್ರಗ್ರೀವನಿಗೆ ವಿಮಾನಗಳು ಯಂತ್ರದ ಹದ್ದುಗಳು. ಯಾವ ದೇಶದ್ದು, ಯಾರ ಪರ, ಒಂದೂ ಅವನಿಗೆ ತಿಳಿಯದು. ಕೆಳಗೆ ಬೆಂಕಿ, ಮೇಲೆ ಹದ್ದು, ಕಾಲಿಗೆ ಕಟ್ಟಿದ ಚೀಟಿ, ಎಲ್ಲೋ ಇರುವ ಗೂಡು. ಅಷ್ಟೇ. ಹೀರಾ ಸಾಯುತ್ತಾನೆ. ಚಿತ್ರಗ್ರೀವ ಗಾಯಗೊಂಡೂ ಚೀಟಿ ಮುಟ್ಟಿಸುತ್ತಾನೆ.

ಸಾಮಾನ್ಯವಾಗಿ ಸಾಹಸದ ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ವೀರ ಗೆದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಪುಸ್ತಕ ಇಲ್ಲಿ ನಿಲ್ಲುವುದಿಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದು ಇದರ ನಂತರದ ಪುಟಗಳಿಗಾಗಿಯೇ.

ಚಿತ್ರಗ್ರೀವ ಮನೆಗೆ ವಾಪಸ್ ಬರುತ್ತಾನೆ. ಗಾಯ ಮಾಗುತ್ತದೆ. ಆದರೆ ಹಾರುವುದಿಲ್ಲ. ಎತ್ತಿ ಬಿಟ್ಟರೂ ಹಾರುವುದಿಲ್ಲ. ಮೈಯಲ್ಲಿ ಏನೂ ಊನವಿಲ್ಲ, ಒಳಗೆ ಹೆದರಿಕೆ ಕೂತುಬಿಟ್ಟಿದೆ. ಗೋಂಡ್ ಕೂಡ ಹಾಗೇ. ಹುಲಿಯನ್ನು ಎದುರಿಸಿದ ಬೇಟೆಗಾರನ ಮನಸ್ಸಿನಲ್ಲಿ ಈಗ ಬರೀ ಭಯ, ದ್ವೇಷ. ಇಬ್ಬರೂ ಹಿಮಾಲಯದ ಅದೇ ಮಠಕ್ಕೆ ಹೋಗುತ್ತಾರೆ. ಲಾಮಾಗಳು ಅವರನ್ನು ಬಯ್ಯುವುದಿಲ್ಲ. ‘ಧೈರ್ಯ ಮಾಡು’ ಅಂತ ಬೆನ್ನು ತಟ್ಟುವುದೂ ಇಲ್ಲ. ದಿನ ದಿನವೂ ಜೊತೆಗೆ ಕೂರುತ್ತಾರೆ, ಧ್ಯಾನ ಮಾಡಿಸುತ್ತಾರೆ, ಕಾಯುತ್ತಾರೆ. ಭಯ ಹೋಗಲು ಹೊತ್ತು ಬೇಕು, ಜನ ಬೇಕು ಅನ್ನುವುದನ್ನು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳಿದ ಪುಸ್ತಕ ಇದು. ಯುದ್ಧದಿಂದ ಬಂದ ಸಿಪಾಯಿಗಳ ಮನಸ್ಸಿನ ಗಾಯದ ಬಗ್ಗೆ ದೊಡ್ಡವರೇ ಬಾಯಿ ಬಿಟ್ಟು ಮಾತಾಡದ ಕಾಲದಲ್ಲಿ, 1927ರಲ್ಲಿ, ಮಕ್ಕಳ ಕಥೆಯೊಂದು ಇದನ್ನು ಹೇಳಿತು.

ಈ ಭಾಗ ಓದಿದ ಶನಿವಾರದ ಬಗ್ಗೆ ಹೇಳಲೇಬೇಕು. ನಮ್ಮಲ್ಲಿಗೆ ಬರುವ ಒಬ್ಬ ಹುಡುಗನಿಗೆ ಬೀದಿ ನಾಯಿ ಕಚ್ಚಿತ್ತು. ಇಂಜೆಕ್ಷನ್ ಎಲ್ಲ ಆಗಿ ಗಾಯ ವಾಸಿಯಾಗಿತ್ತು. ಆದರೂ ಒಬ್ಬನೇ ರಸ್ತೆಗೆ ಇಳಿಯುತ್ತಿರಲಿಲ್ಲ. ಅಜ್ಜಿ ಕೈ ಹಿಡಿದು ಕರೆತಂದು ಬಿಟ್ಟು ಹೋಗಬೇಕು. ಉಳಿದ ಹುಡುಗರು ಹಿಂದಿನಿಂದ ನಾಯಿ ಬೊಗಳಿದ ಹಾಗೆ ಸದ್ದು ಮಾಡಿ ರೇಗಿಸುತ್ತಿದ್ದರು. ನಾನು ಎಷ್ಟು ಗದರಿದರೂ ಅದು ನಿಂತಿರಲಿಲ್ಲ. ಅವತ್ತು ಚಿತ್ರಗ್ರೀವ ಹಾರಲಿಲ್ಲ ಅನ್ನುವಲ್ಲಿಗೆ ಬಂದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಹುಡುಗ ಮಾತ್ರ, ‘ಅಕ್ಕ, ಅದು ಹೇಡಿ ಆಯ್ತಾ?’ ಅಂದ. ನಾನು ಉತ್ತರ ಕೊಡುವ ಮೊದಲೇ, ಅವನನ್ನು ಜಾಸ್ತಿ ರೇಗಿಸುತ್ತಿದ್ದ ಹುಡುಗನೇ ಸಿಟ್ಟಿನಿಂದ, ‘ಅಷ್ಟು ಗುಂಡಿನ ಮಧ್ಯೆ ಹೋಗಿ ಬಂದದ್ದು ಹೇಡಿ ಹೆಂಗಾಗ್ತದೆ? ಅದಕ್ಕೆ ಹುಷಾರಿಲ್ಲ ಅಷ್ಟೇ’ ಅಂದ. ಆಮೇಲೆ ರೇಗಿಸುವುದು ಕಡಿಮೆಯಾಯಿತು. ಹುಡುಗ ಮರುದಿನವೇ ಒಬ್ಬನೇ ಓಡಾಡಿದ ಅಂತ ನಾನು ಹೇಳುವುದಿಲ್ಲ. ಅಜ್ಜಿ ಈಗಲೂ ತಿರುವಿನ ತನಕ ಬರುತ್ತಾರೆ. ಆದರೆ ‘ಹುಷಾರಿಲ್ಲ ಅಷ್ಟೇ’ ಅನ್ನುವ ಆ ಮಾತನ್ನು ನಾನು ಹೇಳಿಕೊಡಲಿಲ್ಲ. ಕಥೆ ಹೇಳಿಕೊಟ್ಟಿತು.

ನಾವು ಮಕ್ಕಳಿಗೆ ಧೈರ್ಯದ ಕಥೆಗಳನ್ನು ಬೇಕಾದಷ್ಟು ಹೇಳುತ್ತೇವೆ. ಹೆದರಿದ ಮಗುವಿಗೆ ಅಂಥ ಕಥೆ ಎಷ್ಟೋ ಸಲ ಇನ್ನೊಂದು ಬೈಗುಳದಂತೆ ಕೇಳುತ್ತದೆ. ‘ನೋಡು, ಅವನು ಹೆದರಲಿಲ್ಲ, ನೀನು ಹೆದರುತ್ತೀಯ’ ಅಂದ ಹಾಗೆ. ಚಿತ್ರಗ್ರೀವ ಹಾಗಲ್ಲ. ಅವನು ಹೆದರುತ್ತಾನೆ, ಅದನ್ನು ಕಥೆ ಒಪ್ಪಿಕೊಳ್ಳುತ್ತದೆ, ಆಮೇಲೆ ಮತ್ತೆ ಹಾರುತ್ತಾನೆ. ನೂರು ವರ್ಷವಾದರೂ ಈ ಪುಸ್ತಕ ಹಳತಾಗದೆ ಇರುವುದಕ್ಕೆ ಪದಕ ಕಾರಣವಲ್ಲ, ಇದು ಕಾರಣ ಅಂತ ನನ್ನ ಗಟ್ಟಿ ನಂಬಿಕೆ.

ಪುಸ್ತಕದಲ್ಲಿ ಕೊರತೆ ಇಲ್ಲವೇ ಅಂದರೆ, ಇದೆ. ಕೆಲವು ಕಡೆ ಲಾಮಾಗಳ ಉಪದೇಶ ಉದ್ದವಾಯಿತು, ಮಕ್ಕಳು ಕಿಟಕಿ ಕಡೆ ನೋಡತೊಡಗುತ್ತಾರೆ. ಅಮೆರಿಕದ ಓದುಗರಿಗೆ ಭಾರತವನ್ನು ಪರಿಚಯಿಸಲು ಬರೆದ ಸಾಲುಗಳು ಅಲ್ಲಲ್ಲಿವೆ, ನಮಗೆ ಅವು ಬೇಕಿಲ್ಲ. ಹುಡುಗಿಯರು ಇಲ್ಲವೆಂದೇ ಹೇಳಬೇಕು. ನಮ್ಮ ಗ್ರಂಥಾಲಯಕ್ಕೆ ಬರುವವರಲ್ಲಿ ಹುಡುಗಿಯರೇ ಜಾಸ್ತಿ. ‘ನಮ್ಮಂಥೋರು ಯಾರೂ ಇಲ್ವಾ ಅಕ್ಕ ಇದರಲ್ಲಿ?’ ಅಂತ ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೆ ನಾನು ಕಥೆಗೆ ಏನನ್ನೂ ಸೇರಿಸಲಿಲ್ಲ. ಮುಖರ್ಜಿಯವರು ಬರೆದದ್ದು ಅವರದು. ಆ ಹುಡುಗಿಯರೇ ಒಂದು ಪಾರಿವಾಳದ ಕಥೆ ಬರೆಯಲು ಶುರು ಮಾಡಿದ್ದಾರೆ, ಅದರಲ್ಲಿ ಹಾರಿಸುವವಳು ಹುಡುಗಿ, ಊರು ಸಾವನದುರ್ಗದ ಬುಡದಲ್ಲಿದೆ.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಹೇಳಿಲ್ಲ, ನಿಮ್ಮ ದೊಡ್ಡ ಓದುಗರಿಗೆ ಹೇಳಬಹುದು. ಭಯದಿಂದ ಹೊರಬರುವ ದಾರಿಯನ್ನು ಇಷ್ಟು ಚೆನ್ನಾಗಿ ಬರೆದ ಮುಖರ್ಜಿಯವರು 1936ರಲ್ಲಿ, 46ನೇ ವಯಸ್ಸಿಗೆ, ನ್ಯೂಯಾರ್ಕಿನಲ್ಲಿ ತಮ್ಮ ಜೀವವನ್ನು ತಾವೇ ಮುಗಿಸಿಕೊಂಡರು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇದರಿಂದ ಪುಸ್ತಕ ಸುಳ್ಳಾಗುವುದಿಲ್ಲ. ತನಗೆ ಸಿಗದೇ ಹೋದದ್ದನ್ನೂ ಮಕ್ಕಳಿಗೆ ಸಿಗಲಿ ಅಂತ ಕೊಟ್ಟುಹೋದವರು ಅಂತ ಅವರ ಮೇಲೆ ಗೌರವ ಹೆಚ್ಚಾಯಿತು.

ಈಗ ನನ್ನ ಕೋರಿಕೆ. ಮುಖರ್ಜಿಯವರು ತೀರಿಕೊಂಡು 60 ವರ್ಷ ಕಳೆದದ್ದರಿಂದ ನಮ್ಮ ದೇಶದಲ್ಲಿ ಈ ಪುಸ್ತಕದ ಹಕ್ಕುಸ್ವಾಮ್ಯ 1996ರ ಕೊನೆಗೇ ಮುಗಿದಿದೆ. ಅಮೆರಿಕದಲ್ಲೂ 2023ರ ಜನವರಿಯಿಂದ ಮುಕ್ತವಾಗಿದೆ. ಯಾರಿಗೂ ಗೌರವಧನ ಕಟ್ಟಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಹಳೆಯ ಅನುವಾದ ಇರುವವರು ಮರುಮುದ್ರಣ ಮಾಡಲಿ. ಹೊಸದಾಗಿ ಮಾಡುವವರು ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ನಮ್ಮ ಕಲಾವಿದರ ಚಿತ್ರಗಳ ಜೊತೆ ತರಲಿ. ಬೆಲೆ ಮಾತ್ರ ಹಳ್ಳಿಯ ಮಗು ಕೇಳಿ ವಾಪಸ್ ಇಡುವಂತೆ ಇರಬಾರದು. ಸರ್ಕಾರದವರು ಗ್ರಂಥಾಲಯಗಳಿಗೆ ಪುಸ್ತಕ ಆರಿಸುವಾಗ ಪರೀಕ್ಷೆಯ ಗೈಡುಗಳ ಜೊತೆಗೆ ಇಂಥ ಒಂದು ಕಥೆಗೂ ಜಾಗ ಕೊಡಲಿ. ಶಾಲೆಯ ಮೇಷ್ಟ್ರು, ಟೀಚರುಗಳು ಇದನ್ನು ಪಾಠ ಮಾಡಿ ಪ್ರಶ್ನೆ ಕೇಳುವುದು ಬೇಡ, ಸುಮ್ನೆ ಗಟ್ಟಿಯಾಗಿ ಓದಿ ಹೇಳಿದರೆ ಸಾಕು.

ನಿಮ್ಮಲ್ಲಿ ಕೇಳುವುದು ಒಂದೇ. ನಿಮ್ಮ ಭಾನುವಾರದ ಪುರವಣಿಯಲ್ಲಿ ಮಕ್ಕಳಿಗೆ ಅರ್ಧ ಪುಟ ಇದೆ. 2027ರ ಜನವರಿಯಿಂದ ಅದರಲ್ಲಿ ಚಿತ್ರಗ್ರೀವನ ಕಥೆಯನ್ನು ವಾರ ವಾರ ಧಾರಾವಾಹಿಯಾಗಿ ಹಾಕಿ. ನಮ್ಮ ಗ್ರಂಥಾಲಯಕ್ಕೆ ನಿಮ್ಮ ಪತ್ರಿಕೆ ದಿನಾ ಬರುತ್ತದೆ, ಭಾನುವಾರದ್ದನ್ನು ಕತ್ತರಿಸಿ ಅಂಟಿಸಿ ಪುಸ್ತಕ ಮಾಡಿಕೊಳ್ಳಲು ಮಕ್ಕಳು ಈಗಲೇ ಹಳೆಯ ರಿಜಿಸ್ಟರ್ ಒಂದನ್ನು ಕೇಳಿ ತೆಗೆದಿಟ್ಟುಕೊಂಡಿದ್ದಾರೆ. ಪ್ರತಿ ಕಂತಿನ ಬಗ್ಗೆ ಅವರು ನಿಮಗೆ ಬರೆಯುತ್ತಾರೆ. ಅಂಚೆ ಕಾರ್ಡು ನಾನೇ ತಂದುಕೊಡುತ್ತೇನೆ.

ವಂದನೆಗಳೊಂದಿಗೆ,

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ,
ಮಾಗಡಿ ತಾಲ್ಲೂಕು